ಹಂದಿಮಾಂಸ ಮತ್ತು ಬಟಾಟೆ: ನಮ್ಮ ಮನೆಯೂಟದ ಚರಿತ್ರೆ

ಒಂದು ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸಿದಾಗ ದೇವಾಲಯದ ಕಟ್ಟಡ, ಗಂಟೆಗೋಪುರ, ಪೀಠ, ಶಾಲೆ ಹಾಗೂ ಸೇವೆ ಸಲ್ಲಿಸಿದ ಗುರುಗಳ ಚರಿತ್ರೆಯನ್ನು ಬರೆಯುವುದು ವಾಡಿಕೆ. ಆ ಕೆಲಸವನ್ನು ಈ ಸ್ಮರಣ ಸಂಚಿಕೆಯಲ್ಲಿ ನನಗಿಂತ ಸಮರ್ಥರಾದವರು ಮಾಡಿರುವರು. ಆದರೆ ದೇವಾಲಯದ ದಾಖಲೆ ಪುಸ್ತಕಗಳಲ್ಲಿ ಸ್ಥಾನ ಪಡೆಯದ ಇನ್ನೊಂದು ಚರಿತ್ರೆಯಿದೆ. ಅದು ನಮ್ಮ ಅಡಿಗೆಮನೆಗಳ ಚರಿತ್ರೆ. ದೇವಾಲಯವನ್ನು ಕಟ್ಟಿದ ಕೈಗಳಿಗೆ ಬಲವನ್ನು ನೀಡಿದ್ದು ಆ ಒಲೆಗಳೇ ಅಲ್ಲವೇ? ಆದುದರಿಂದ ಒಂದು ಸಾಮಾನ್ಯ ಊಟವನ್ನೇ ವಸ್ತುವಾಗಿ ಆರಿಸಿಕೊಂಡು, ಅದು ನಮ್ಮ ಮನೆಗಳಿಗೆ ಬಂದ ದಾರಿಯನ್ನು ಅರಿಯಲು ಇಲ್ಲಿ ಯತ್ನಿಸಿದ್ದೇನೆ. ಆ ಊಟ ಯಾವುದೆಂದರೆ, ಅರ್ಧ ಕಿಲೋ ಹಂದಿಮಾಂಸಕ್ಕೆ ಒಂದು ಕಿಲೋ ಬಟಾಟೆಯನ್ನು ಸೇರಿಸಿ, ಎಂಟು ಹತ್ತು ಮಂದಿಯ ಕುಟುಂಬಕ್ಕೆ ಹೊಟ್ಟೆ ತುಂಬ ಬಡಿಸುವ ಸಾರು.

ಇದು ಮದುವೆಯ ಊಟವಲ್ಲ. ಮದುವೆಯ ಚಪ್ಪರದಲ್ಲಿ ಮಾಂಸಕ್ಕೆ ಬಟಾಟೆಯನ್ನು ಬೆರೆಸಿದರೆ ಮನೆಯ ಯಜಮಾನನು ಜಿಪುಣನೆಂಬ ಮಾತು ಬರುವುದುಂಟು. ಇದು ಆದಿತ್ಯವಾರ ಬಲಿಪೂಜೆ ಮುಗಿಸಿ ಬಂದು, ಮನೆಯವರು ಮಾತ್ರ ಕುಳಿತು ಉಣ್ಣುವ ಊಟ. ಇಂಥ ಊಟಕ್ಕೆ ಚರಿತ್ರೆ ಇರಲಾರದೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ನಾಲ್ಕು ಖಂಡಗಳ ಚರಿತ್ರೆಯು ಆ ಒಂದು ಮಡಕೆಯಲ್ಲಿ ಬೇಯುತ್ತಿದೆ.

1. ಹಂದಿಯು ಪರದೇಶದ್ದೇ?

ಹಂದಿಮಾಂಸವನ್ನು ಈ ನಾಡಿಗೆ ತಂದವರು ಪೋರ್ಚುಗೀಸರು ಎಂಬ ನಂಬಿಕೆ ಅನೇಕರಲ್ಲಿದೆ. ಇದು ಸರಿಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ರಾಜಭೋಜನದ ವಿವರಗಳಿವೆ. ಹಂದಿಯ ಕೂದಲನ್ನು ತೆಗೆದು, ಬೆಂಕಿಯಲ್ಲಿ ಸುಟ್ಟು, ತುಂಡು ಮಾಡಿ ಪಾಕಗೊಳಿಸುವ ಕ್ರಮವನ್ನು ಅಲ್ಲಿ ಹೇಳಲಾಗಿದೆ. ಅಂದರೆ ವಾಸ್ಕೋ ಡ ಗಾಮನು 1498ರಲ್ಲಿ ಕಲ್ಲಿಕೋಟೆಯ ತೀರವನ್ನು ಮುಟ್ಟುವುದಕ್ಕೆ ಮೂರೂವರೆ ಶತಮಾನಗಳಿಗೂ ಹಿಂದೆಯೇ, ಕನ್ನಡ ನಾಡಿನ ಅರಮನೆಯಲ್ಲಿ ಈ ಮಾಂಸಕ್ಕೆ ಗೌರವದ ಸ್ಥಾನವಿತ್ತು. ಕೊಡಗಿನಲ್ಲಿ ಪಂದಿಕರಿ ಮತ್ತು ಕಡುಂಬುಟ್ಟು ಇಂದಿಗೂ ಹಬ್ಬದ ಊಟ. ಅಲ್ಲಿ ಹುಳಿಗೆ ಬಳಸುವುದು ಕಾಡಿನ ಹಣ್ಣಿನಿಂದ ಕಾಸಿ ತೆಗೆದ ಕಾಚಂಪುಳಿಯನ್ನು. ಆದುದರಿಂದ ಹಂದಿಮಾಂಸವು ಕ್ರೈಸ್ತರ ಆಹಾರ ಮಾತ್ರವೆಂದು ಹೇಳುವುದು ಚರಿತ್ರೆಗೆ ಒಪ್ಪುವ ಮಾತಲ್ಲ.

ಕ್ರೈಸ್ತ ಐರೋಪ್ಯದಲ್ಲಿ ಹಂದಿಯು ಬಡವನ ಉಳಿತಾಯದ ಪೆಟ್ಟಿಗೆಯಾಗಿತ್ತು. ಹಸುವಿಗೆ ಹುಲ್ಲುಗಾವಲು ಬೇಕು, ಕುರಿಗೆ ಗುಡ್ಡ ಬೇಕು. ಹಂದಿಗಾದರೋ ಅಡಿಗೆಮನೆಯ ಉಳಿಕೆಯೇ ಸಾಕು. ನವೆಂಬರ್ 11ರ ಸಂತ ಮಾರ್ಟಿನರ ಹಬ್ಬದ ಹೊತ್ತಿಗೆ ಅದನ್ನು ಕೊಂದು, ಉಪ್ಪು ಹಾಕಿ, ಚಳಿಗಾಲಕ್ಕೆಂದು ಕಾದಿರಿಸುತ್ತಿದ್ದರು. ಜನವರಿ 17ರಂದು ನಾವು ಸ್ಮರಿಸುವ ಮಠಾಧಿಪತಿ ಸಂತ ಅಂತೋಣಿಯವರ ಚಿತ್ರದಲ್ಲಿ ಅವರ ಪಾದದ ಬಳಿ ಒಂದು ಹಂದಿಯಿರುವುದನ್ನು ನೀವು ಕಂಡಿರಬಹುದು. 11ನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನಲ್ಲಿ ಅವರ ಹೆಸರಿನಲ್ಲಿ ಒಂದು ಸೇವಾಸಭೆ ಹುಟ್ಟಿತು. ಕೆಟ್ಟ ರೈ ಧಾನ್ಯದಿಂದ ಬರುವ, ಮೈಯೆಲ್ಲ ಬೆಂಕಿಯಂತೆ ಉರಿಯುವ ರೋಗಕ್ಕೆ ಆ ಸಭೆಯವರು ಶುಶ್ರೂಷೆ ಮಾಡುತ್ತಿದ್ದರು. ಹಂದಿಯ ಕೊಬ್ಬನ್ನು ಲೇಪವಾಗಿ ಹಚ್ಚುತ್ತಿದ್ದರು. ಅವರ ಹಂದಿಗಳು ಕೊರಳಿಗೆ ಗಂಟೆ ಕಟ್ಟಿಕೊಂಡು ಪಟ್ಟಣದ ಬೀದಿಗಳಲ್ಲಿ ಸ್ವತಂತ್ರವಾಗಿ ಮೇಯಬಹುದಾಗಿತ್ತು. ಊರವರು ಹಾಕಿದ ಉಳಿಕೆಯನ್ನು ತಿಂದು ಬೆಳೆದ ಆ ಪ್ರಾಣಿಯಿಂದ ರೋಗಿಗಳ ಮತ್ತು ಬಡವರ ಪೋಷಣೆ ನಡೆಯುತ್ತಿತ್ತು.

2. ಗೋವೆಯ ಹುಳಿ ಮತ್ತು ಖಾರ

ಪೋರ್ಚುಗೀಸ್ ನಾವಿಕರು ದೀರ್ಘ ಪ್ರಯಾಣದಲ್ಲಿ ಮಾಂಸವು ಕೆಡದಂತೆ ಅದನ್ನು ದ್ರಾಕ್ಷಾರಸ ಮತ್ತು ಬೆಳ್ಳುಳ್ಳಿಯಲ್ಲಿ ನೆನೆಸಿಡುತ್ತಿದ್ದರು. ಈ ಪಾಕಕ್ಕೆ ಅವರ ಭಾಷೆಯಲ್ಲಿ ‘ಕಾರ್ನೆ ದೆ ವಿಞ ದಾಲ್ಯುಷ್’ ಎಂದು ಹೆಸರು. ಮದೇರಾ ದ್ವೀಪದಲ್ಲಿ ಇದು ಇಂದಿಗೂ ಕ್ರಿಸ್ಮಸ್ ಹಬ್ಬದ ಊಟ. ಗೋವೆಯಲ್ಲಿ ದ್ರಾಕ್ಷಾರಸ ದುರ್ಲಭವಾಗಿತ್ತು. ತೆಂಗಿನ ಕಳ್ಳು ಯಥೇಚ್ಛವಾಗಿತ್ತು. ಕಳ್ಳನ್ನು ಹುಳಿ ಬರಿಸಿ ಮಾಡಿದ ವಿನೆಗರು ದ್ರಾಕ್ಷಾರಸದ ಸ್ಥಾನವನ್ನು ಪಡೆಯಿತು. ಅಮೆರಿಕದಿಂದ ಬಂದ ಮೆಣಸಿನಕಾಯಿಯೂ, ನಮ್ಮ ನೆಲದ ಕಾಳುಮೆಣಸು, ಅರಸಿನ, ಜೀರಿಗೆಗಳೂ ಅದರೊಡನೆ ಕೂಡಿದುವು. ಹೆಸರು ಜನರ ನಾಲಿಗೆಯ ಮೇಲೆ ಸವೆದು ‘ವಿಂದಾಲೂ’ ಆಯಿತು. ನಮ್ಮ ಕರಾವಳಿಯಲ್ಲಿ ‘ಇಂಡಾಡ್’ ಆಯಿತು.

ಇಲ್ಲಿ ಒಂದು ಸ್ವಾರಸ್ಯವಿದೆ. ‘ವಿಂದಾಲೂ’ ಎಂಬುದರ ಕೊನೆಯ ಅಕ್ಷರಗಳನ್ನು ಕೇಳಿದ ಅನೇಕರು ಅದು ಹಿಂದಿಯ ‘ಆಲೂ’ ಎಂದೇ ತಿಳಿದು, ಆ ಪಾಕಕ್ಕೆ ಬಟಾಟೆಯನ್ನು ಹಾಕತೊಡಗಿದರು. ಮೂಲದಲ್ಲಿ ಅದು ಬೆಳ್ಳುಳ್ಳಿಯನ್ನು ಸೂಚಿಸುವ ಪದ. ಬಟಾಟೆಗೂ ಅದಕ್ಕೂ ಸಂಬಂಧವಿಲ್ಲ. ಹೀಗೆ ಪಂಡಿತರು ನಗಬಹುದಾದ ಒಂದು ತಪ್ಪು ತಿಳುವಳಿಕೆಯು ಎಷ್ಟೋ ಬಡ ಮನೆಗಳ ಮಡಕೆಯನ್ನು ತುಂಬಿಸಿತು.

ಚರಿತ್ರೆಯ ಕಹಿಯನ್ನೂ ಮರೆಮಾಡಬಾರದು. ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳಲ್ಲಿ, ಯೆಹೂದ್ಯ ಅಥವಾ ಮುಸಲ್ಮಾನ ಮನೆತನದಿಂದ ಬಂದ ಹೊಸ ಕ್ರೈಸ್ತರು ಹಂದಿಮಾಂಸವನ್ನು ತಿನ್ನದಿದ್ದರೆ ಅದನ್ನೇ ಅವಿಶ್ವಾಸದ ಕುರುಹೆಂದು ಎಣಿಸುತ್ತಿದ್ದರು. ಗೋವೆಯಲ್ಲಿ 1560ರಲ್ಲಿ ಸ್ಥಾಪಿತವಾದ ಧರ್ಮವಿಚಾರಣಾ ನ್ಯಾಯಾಲಯವು ನಡುವೆ ಕೆಲಕಾಲ ನಿಂತಿದ್ದರೂ 1812ರವರೆಗೆ ಬಾಳಿತು. 1736ರ ಅದರ ಒಂದು ಆಜ್ಞೆಯು, ಅನ್ನವನ್ನು ಉಪ್ಪಿಲ್ಲದೆ ಬೇಯಿಸುವ ಹಳೆಯ ಪದ್ಧತಿಯನ್ನು ಕೂಡ ನಿಷೇಧಿಸಿತ್ತು. ಮನುಷ್ಯನ ವಿಶ್ವಾಸವನ್ನು ಅವನ ಅನ್ನದ ಮಡಕೆಯಲ್ಲಿ ಹುಡುಕುವುದು ಎಂಥ ಅನ್ಯಾಯ! ಪ್ರೇಷಿತರ ಕಾರ್ಯಕಲಾಪಗಳ 10ನೆಯ ಅಧ್ಯಾಯದಲ್ಲಿ ಸಂತ ಪೇತ್ರರು ಕಂಡ ದರ್ಶನವು ಆಹಾರದ ಕಟ್ಟುಗಳಿಂದ ನಮ್ಮನ್ನು ಬಿಡಿಸಿತು. ಆ ಸ್ವಾತಂತ್ರ್ಯವನ್ನು ಬೇರೊಂದು ಬಲಾತ್ಕಾರಕ್ಕೆ ಸಾಧನವಾಗಿಸಿದ್ದು ಆ ದರ್ಶನಕ್ಕೆ ತೀರ ವಿರುದ್ಧವಾದುದು.

16ನೆಯ ಶತಮಾನದಿಂದ 18ನೆಯ ಶತಮಾನದವರೆಗೆ, ವಿಚಾರಣೆಯ ಭಯ, ಬರಗಾಲ, ಯುದ್ಧ, ತೆರಿಗೆಯ ಹೊರೆ ಇವುಗಳಿಂದ ನೊಂದ ಗೋವೆಯ ಅನೇಕ ಕ್ರೈಸ್ತ ಕುಟುಂಬಗಳು ದಕ್ಷಿಣಕ್ಕೆ ಬಂದುವು. ಕೆಳದಿಯ ನಾಯಕರ ಆಳ್ವಿಕೆಯಲ್ಲಿ ಅವರಿಗೆ ಸಾಗುವಳಿಯ ಭೂಮಿ ದೊರಕಿತು. ತರುವಾಯ 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದನು. 1799ರಲ್ಲಿ ಬಿಡುಗಡೆ ಹೊಂದಿ ಮರಳಿದವರು ಬರಿಗೈಯಲ್ಲಿ ಬಾಳನ್ನು ಮತ್ತೆ ಆರಂಭಿಸಬೇಕಾಯಿತು. ಎರಡೆರಡು ಬಾರಿ ಎಲ್ಲವನ್ನೂ ಕಳೆದುಕೊಂಡ ಜನಕ್ಕೆ ಮಿತವ್ಯಯವು ಉಪದೇಶದಿಂದ ಬರಬೇಕಾಗಿಲ್ಲ; ಅದು ರಕ್ತದಲ್ಲಿಯೇ ಬರುತ್ತದೆ.

3. ಬಟಾಟೆಯ ಪ್ರಯಾಣ

ಬಟಾಟೆಯ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಶ್ರೇಣಿ. ಇಂದಿನ ಪೆರು ಮತ್ತು ಬೊಲಿವಿಯ ದೇಶಗಳ ನಡುವಣ ಟಿಟಿಕಾಕಾ ಸರೋವರದ ಸುತ್ತಿನ ಎತ್ತರದ ನೆಲದಲ್ಲಿ ಅದನ್ನು ಸಾವಿರಾರು ವರ್ಷಗಳ ಹಿಂದೆಯೇ ಬೇಸಾಯಕ್ಕೆ ತರಲಾಗಿತ್ತು. 1570ರ ದಶಕದಲ್ಲಿ ಸ್ಪೇನಿನ ಸೆವಿಲ್ ನಗರದ ಒಂದು ಧರ್ಮಾಸ್ಪತ್ರೆಯ ಲೆಕ್ಕದ ಪುಸ್ತಕದಲ್ಲಿ ಈ ಗಡ್ಡೆಯನ್ನು ಕೊಂಡ ದಾಖಲೆಯಿದೆ. ಐರೋಪ್ಯದ ನೆಲದಲ್ಲಿ ಅದರ ಹೆಸರು ಮೊದಲಾಗಿ ಕಾಣುವುದು ಬಡ ರೋಗಿಗಳ ಊಟದ ಪಟ್ಟಿಯಲ್ಲಿ ಎಂಬುದು ಗಮನಾರ್ಹ.

‘ಬಟಾಟೆ’ ಎಂಬ ಪದವು ಕೆರಿಬಿಯನ್ ದ್ವೀಪವಾಸಿಗಳ ‘ಬಟಾಟಾ’ ಎಂಬ ಮಾತಿನಿಂದ ಬಂದುದು. ಅಲ್ಲಿ ಅದು ಸಿಹಿಗೆಣಸಿನ ಹೆಸರು. ಪೋರ್ಚುಗೀಸರ ಮೂಲಕ ಆ ಪದವು ಕೊಂಕಣಿ, ಮರಾಠಿ, ತುಳು ಹಾಗೂ ಕರಾವಳಿಯ ಕನ್ನಡಗಳಲ್ಲಿ ನೆಲೆಸಿತು. ಘಟ್ಟದ ಮೇಲಿನವರು ಆಲೂಗಡ್ಡೆ, ಉರುಳಗಡ್ಡೆ ಎನ್ನುವರು. ಒಂದೇ ಗಡ್ಡೆಯನ್ನು ಯಾವ ಹೆಸರಿನಿಂದ ಕರೆಯುವಿರಿ ಎಂಬುದರಿಂದಲೇ ನಿಮ್ಮ ಹಿರಿಯರು ಘಟ್ಟದ ಯಾವ ಮಗ್ಗುಲಿನವರೆಂದು ಹೇಳಬಹುದು. ಹೆಸರಿನ ಈ ಗೊಂದಲದಿಂದಲೇ ಹಳೆಯ ಬರಹಗಳನ್ನು ಓದುವಾಗ ಎಚ್ಚರ ಬೇಕಾಗುತ್ತದೆ. 17ನೆಯ ಶತಮಾನದ ಆರಂಭದಲ್ಲಿ ಮೊಗಲರ ಆಸ್ಥಾನಕ್ಕೆ ಬಂದ ಇಂಗ್ಲಿಷ್ ರಾಯಭಾರಿ ಸರ್ ಥಾಮಸ್ ರೋ ಅವರ ಜೊತೆಗಿದ್ದ ಪಾದ್ರಿ ಎಡ್ವರ್ಡ್ ಟೆರಿಯವರು ಒಂದು ಔತಣವನ್ನು ಬಣ್ಣಿಸುತ್ತ ಬಟಾಟೆಯ ಹೆಸರನ್ನು ಎತ್ತಿರುವರು. ಅದು ಸಿಹಿಗೆಣಸೇ ಇರಬೇಕೆಂದು ಹೇಳುವ ವಿದ್ವಾಂಸರು ಇದ್ದಾರೆ.

ದಕ್ಷಿಣದ ಬೆಟ್ಟಗಳಲ್ಲಿ ಬಟಾಟೆಯ ಬೇಸಾಯವು ಬೇರೂರಿದ್ದು 19ನೆಯ ಶತಮಾನದಲ್ಲಿ. ಕೊಯಮತ್ತೂರಿನ ಕಲೆಕ್ಟರರಾಗಿದ್ದ ಜಾನ್ ಸಲ್ಲಿವನ್ ಅವರು 1820ರ ದಶಕದಲ್ಲಿ ನೀಲಗಿರಿಯಲ್ಲಿ ಅದನ್ನು ಬೆಳೆಸಿದರು. ಅಲ್ಲಿಯ ಬಡಗ ರೈತರು ಅದನ್ನು ತಮ್ಮದಾಗಿಸಿಕೊಂಡರು. ನಮ್ಮ ರಾಜ್ಯದಲ್ಲಿ ಹಾಸನ ಜಿಲ್ಲೆಯು ಮುಂಗಾರಿನ ಆಲೂಗಡ್ಡೆಗೆ ಹೆಸರಾಯಿತು. ಇದರಿಂದ ತಿಳಿಯುವುದೇನು? ‘ಅಜ್ಜಂದಿರ ಕಾಲದಿಂದ’ ಎಂದು ನಾವು ಹೇಳುವ ಈ ಊಟವು ಅಷ್ಟೇನೂ ಪುರಾತನವಾದುದಲ್ಲ. ಶ್ರೀರಂಗಪಟ್ಟಣದಿಂದ ಮರಳಿದ ನಮ್ಮ ಹಿರಿಯರ ನಿತ್ಯದ ಮಡಕೆಯಲ್ಲಿ ಗೆಣಸು, ಸುವರ್ಣಗಡ್ಡೆ, ಬಾಳೆಕಾಯಿಗಳಿಗೇ ಹೆಚ್ಚಿನ ಸ್ಥಾನವಿದ್ದಿರಬೇಕು. ಬಟಾಟೆಯು ತಡವಾಗಿ ಬಂದು ಮನೆಯ ಮಗಳಂತಾದ ಸೊಸೆ.

4. ಐರ್ಲೆಂಡಿನ ಪಾಠ

ಹಂದಿ ಮತ್ತು ಬಟಾಟೆಗಳ ನಂಟನ್ನು ಹೇಳುವಾಗ ಐರ್ಲೆಂಡಿನ ಕಥೋಲಿಕ ಬಡವರನ್ನು ನೆನೆಯದಿರಲಾಗದು. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಅಲ್ಲಿಯ ಗೇಣಿದಾರನು ತುಂಡು ನೆಲದಲ್ಲಿ ಬಟಾಟೆ ಬೆಳೆದು ಅದನ್ನೇ ಉಣ್ಣುತ್ತಿದ್ದನು. ಉಳಿದ ಸಣ್ಣ ಗಡ್ಡೆಗಳನ್ನೂ ಸಿಪ್ಪೆಯನ್ನೂ ಹಂದಿಗೆ ಹಾಕುತ್ತಿದ್ದನು. ಆದರೆ ಆ ಹಂದಿಯ ಮಾಂಸವು ಅವನ ಪಾಲಿಗಲ್ಲ. ಭೂಮಾಲಿಕನ ಗೇಣಿಯನ್ನು ತೀರಿಸಲು ಅದನ್ನು ಮಾರಬೇಕಾಗಿತ್ತು. ಆದುದರಿಂದಲೇ ಹಂದಿಗೆ ‘ಗೇಣಿ ಕಟ್ಟುವ ಮಹಾಶಯ’ನೆಂಬ ಅಡ್ಡಹೆಸರು ಬಂದಿತ್ತು.

1845ರಲ್ಲಿ ಬಟಾಟೆಯ ಗಿಡಗಳಿಗೆ ಅಂಗಮಾರಿ ರೋಗ ತಗಲಿತು. ನೋಡನೋಡುತ್ತ ಎಲೆಗಳು ಕರಿದಾಗಿ, ನೆಲದೊಳಗಿನ ಗಡ್ಡೆಗಳು ಕೊಳೆತುಹೋದುವು. ಒಂದೇ ಬೆಳೆಯನ್ನು, ಅದರಲ್ಲಿಯೂ ಬಹುಮಟ್ಟಿಗೆ ಒಂದೇ ತಳಿಯನ್ನು ನಂಬಿದ್ದ ಜನರಿಗೆ ಬೇರೆ ಗತಿಯಿರಲಿಲ್ಲ. 1852ರವರೆಗೆ ಮುಂದುವರಿದ ಆ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನರು ಹಸಿವಿನಿಂದಲೂ ರೋಗದಿಂದಲೂ ಮಡಿದರು. ಅಷ್ಟೇ ಮಂದಿ, ಅಥವಾ ಇನ್ನೂ ಹೆಚ್ಚು, ಹಡಗು ಹತ್ತಿ ದೇಶ ಬಿಟ್ಟರು. 1841ರಲ್ಲಿ ಸುಮಾರು 82 ಲಕ್ಷವಿದ್ದ ಜನಸಂಖ್ಯೆಯು 1851ರಲ್ಲಿ ಸುಮಾರು 65 ಲಕ್ಷಕ್ಕೆ ಇಳಿಯಿತು. ಜನರು ಸಾಯುತ್ತಿದ್ದ ಆ ವರ್ಷಗಳಲ್ಲಿಯೂ ಐರ್ಲೆಂಡಿನ ಬಂದರುಗಳಿಂದ ಧಾನ್ಯವೂ ಉಪ್ಪು ಹಾಕಿದ ಹಂದಿಮಾಂಸವೂ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದುವು. ರೋಗವು ಬೆಳೆಯನ್ನು ಕೊಂದಿತು. ಜನರನ್ನು ಕೊಂದುದರಲ್ಲಿ ಮನುಷ್ಯರ ವ್ಯವಸ್ಥೆಗೂ ಪಾಲಿತ್ತು.

ಒಂಬತ್ತನೆಯ ಪಯಸ್ ಜಗದ್ಗುರುಗಳು 1847ರ ಮಾರ್ಚ್ 25ರಂದು ಹೊರಡಿಸಿದ ವಿಶ್ವಪತ್ರದಲ್ಲಿ, ಐರ್ಲೆಂಡಿಗಾಗಿ ಪ್ರಾರ್ಥಿಸುವಂತೆಯೂ ದಾನ ಮಾಡುವಂತೆಯೂ ಧರ್ಮಸಭೆಯನ್ನು ಬೇಡಿಕೊಂಡರು. ನಮ್ಮ ದೇಶದ ಕಲ್ಕತ್ತೆಯಲ್ಲಿಯೂ ಹಣ ಸಂಗ್ರಹವಾಯಿತು. ಒಂದು ದೇಶದ ಹಸಿವಿಗೆ ಮತ್ತೊಂದು ಖಂಡವು ಕೈ ನೀಡಿದ ಉದಾಹರಣೆಯಿದು.

ಡಬ್ಲಿನ್ ನಗರದಲ್ಲಿ ‘ಕಾಡಲ್’ ಎಂಬ ಊಟವಿದೆ. ಹಂದಿಮಾಂಸದ ಸಾಸೇಜು, ಉಪ್ಪಿನ ಮಾಂಸದ ಚೂರು, ಈರುಳ್ಳಿ, ಬಟಾಟೆ ಇವುಗಳನ್ನು ಒಂದೇ ಪಾತ್ರೆಯಲ್ಲಿ ನಿಧಾನವಾಗಿ ಬೇಯಿಸುತ್ತಾರೆ. ಶುಕ್ರವಾರ ಮಾಂಸ ವರ್ಜ್ಯವಾದುದರಿಂದ, ಮನೆಯಲ್ಲಿ ಉಳಿದ ಚೂರುಪಾರುಗಳನ್ನು ಗುರುವಾರ ರಾತ್ರಿಯೇ ಮುಗಿಸಲು ಇದು ಅನುಕೂಲವಾಗಿತ್ತೆಂದು ಹೇಳುವರು. ಆರನೆಯ ಪೌಲ್ ಜಗದ್ಗುರುಗಳು 1966ರಲ್ಲಿ ಉಪವಾಸದ ನಿಯಮಗಳನ್ನು ಪರಿಷ್ಕರಿಸುವವರೆಗೆ ಆ ಶಿಸ್ತು ನಮ್ಮಲ್ಲಿಯೂ ಬಹು ಕಟ್ಟುನಿಟ್ಟಾಗಿತ್ತು. ಮಾಂಸವನ್ನು ಬಿಡುವ ದಿನವಿದ್ದುದರಿಂದಲೇ ಮಾಂಸವನ್ನುಣ್ಣುವ ದಿನಕ್ಕೆ ಬೆಲೆಯಿತ್ತು. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಹೊಸ ಅಕ್ಕಿಯೊಡನೆ ತರಕಾರಿಯ ಊಟವನ್ನೇ ಮಾಡುವುದನ್ನು ಇಲ್ಲಿ ನೆನೆಯಬಹುದು.

ಐರ್ಲೆಂಡಿನ ಪಾಠವು ಹಳೆಯದೆಂದು ತಳ್ಳಿಹಾಕುವಂತಿಲ್ಲ. ಅದೇ ಅಂಗಮಾರಿ ರೋಗವು ಈಚಿನ ದಶಕಗಳಲ್ಲಿ ನಮ್ಮ ಹಾಸನದ ರೈತರನ್ನು ಬಹಳವಾಗಿ ಕಾಡಿದೆ. ಅವರು ಪಂಜಾಬಿನ ಕಡೆಯಿಂದ ಬರುವ ಬಿತ್ತನೆ ಗಡ್ಡೆಯನ್ನು ಹಣ ತೆತ್ತು ತಂದು, ಮುಂಗಾರಿನ ಮಳೆಗೆ ನಾಟಿ ಮಾಡುತ್ತಾರೆ. ಮೋಡ ಮುಚ್ಚಿ ಮಳೆ ಬಿಡದಿದ್ದರೆ ಕೆಲವೇ ದಿನಗಳಲ್ಲಿ ಹೊಲ ಕಪ್ಪಾಗುತ್ತದೆ. ಅನೇಕರು ಈ ಬೆಳೆಯನ್ನೇ ಬಿಟ್ಟು ಜೋಳದ ಕಡೆಗೆ ತಿರುಗಿರುವರು. ಅಗ್ಗದ ಗಡ್ಡೆಯೆಂದು ನಾವು ಸಂತೆಯಿಂದ ತರುವಾಗ, ಅದರ ಹಿಂದಿರುವ ರೈತನ ಎದೆಯ ಭಾರವನ್ನೂ ತೂಗಬೇಕು.

5. ಒಂದು ಮಡಕೆಯ ವಿವೇಕ

ಈ ಊಟವನ್ನು ಮಾಡುವ ಕ್ರಮದಲ್ಲಿಯೇ ಒಂದು ವಿವೇಕವಿದೆ. ನಮ್ಮ ತಾಯಂದಿರು ಅದನ್ನು ಪುಸ್ತಕದಿಂದ ಕಲಿತವರಲ್ಲ. ಕೊಬ್ಬು ಸೇರಿದ ಅರ್ಧ ಕಿಲೋ ಮಾಂಸವನ್ನು ತುಂಡು ಮಾಡಿ, ಉಪ್ಪು, ಅರಸಿನ ಹಾಗೂ ಎರಡು ಮೂರು ಚಮಚ ಬಾಫಾತ್ ಪುಡಿಯನ್ನು ಸವರಿಡುತ್ತಾರೆ. ಒಣಮೆಣಸು, ಕೊತ್ತಂಬರಿ, ಜೀರಿಗೆ, ಸಾಸಿವೆ, ಕಾಳುಮೆಣಸು, ಅರಸಿನ ಇವು ಕೂಡಿದ ಪುಡಿಯದು. ನಾಲ್ಕು ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ, ಒಂದು ತುಂಡು ಶುಂಠಿ, ನಾಲ್ಕಾರು ಹಸಿಮೆಣಸು ಇವುಗಳನ್ನು ಹೆಚ್ಚಿ ಸೇರಿಸಿ, ಸ್ವಲ್ಪವೇ ನೀರು ಹಾಕಿ, ಮುಚ್ಚಿ ಸಣ್ಣ ಉರಿಯಲ್ಲಿಡುತ್ತಾರೆ. ಎಣ್ಣೆ ಬೇಕಿಲ್ಲ. ಕೊಬ್ಬು ಕರಗಿ ಅದೇ ಎಣ್ಣೆಯಾಗುತ್ತದೆ.

ಮಾಂಸವು ಮುಕ್ಕಾಲು ಬೆಂದ ಮೇಲೆ, ಸಿಪ್ಪೆ ತೆಗೆದು ದೊಡ್ಡದಾಗಿ ಹೆಚ್ಚಿದ ಒಂದು ಕಿಲೋ ಬಟಾಟೆಯನ್ನು ಹಾಕಬೇಕು. ವಿನೆಗರನ್ನು ಬಟಾಟೆ ಮೆತ್ತಗಾದ ನಂತರವೇ ಸೇರಿಸುವುದು ಉತ್ತಮ. ಹುಳಿ ತಾಗಿದ ಬಟಾಟೆಯು ಬೇಗನೆ ಬೇಯುವುದಿಲ್ಲ; ಅದರ ಕೋಶಗಳನ್ನು ಹಿಡಿದಿಡುವ ಅಂಟು ಹುಳಿಯಲ್ಲಿ ಸಡಿಲವಾಗದು. ಇದನ್ನು ಇಂದು ವಿಜ್ಞಾನವು ವಿವರಿಸುತ್ತದೆ. ಅಡಿಗೆಮನೆಗೆ ಅದು ಮೊದಲೇ ತಿಳಿದಿತ್ತು. ಹಸಿರು ತಿರುಗಿದ ಬಟಾಟೆಯ ಭಾಗವನ್ನು ಕತ್ತರಿಸಿ ಎಸೆಯಬೇಕು, ಅದು ವಿಷಕಾರಿ. ಹಂದಿಮಾಂಸವು ಒಳಗಿನವರೆಗೆ ಚೆನ್ನಾಗಿ ಬೇಯಲೇಬೇಕು. ಅರೆಬೆಂದ ಮಾಂಸದಿಂದ ಲಾಡಿಹುಳುವಿನ ಬಾಧೆ ಬರಬಹುದು. ಕೊನೆಯಲ್ಲಿ ಒಂದೆರಡು ಬಟಾಟೆ ತುಂಡುಗಳನ್ನು ಸೌಟಿನ ಹಿಂಬದಿಯಿಂದ ಮಸೆದರೆ ಸಾರು ತಾನಾಗಿ ಗಟ್ಟಿಯಾಗುತ್ತದೆ.

ಬಟಾಟೆಯು ಮಾಂಸದ ರಸವನ್ನೂ ಕೊಬ್ಬನ್ನೂ ಹೀರಿಕೊಂಡು ಮಾಂಸದ ರುಚಿಯನ್ನೇ ಪಡೆಯುತ್ತದೆ. ತಟ್ಟೆಗೆ ಎರಡೇ ಚೂರು ಮಾಂಸ ಬಿದ್ದರೂ, ಕುಚ್ಚಲಕ್ಕಿಯ ಬಿಸಿ ಅನ್ನದೊಡನೆ ಉಂಡ ಮಗುವಿಗೆ ತಾನು ಬಡವನೆಂಬ ಭಾವನೆ ಬರುವುದಿಲ್ಲ. ಬಾಗಿಲಲ್ಲಿ ಅನಿರೀಕ್ಷಿತವಾಗಿ ಒಬ್ಬ ನೆಂಟ ಬಂದು ನಿಂತರೆ, ಮತ್ತೆರಡು ಬಟಾಟೆ ಹಾಕಿದರಾಯಿತು. ಮನೆಯ ಮಾನವೂ ಉಳಿಯಿತು, ಅತಿಥಿಯ ಹೊಟ್ಟೆಯೂ ತುಂಬಿತು.

6. ಈ ಚರಿತ್ರೆಯಿಂದ ನಮಗೇನು?

ಈ ವಿಷಯವನ್ನು ಶತಮಾನೋತ್ಸವದ ಸಂಚಿಕೆಯಲ್ಲಿ ಎತ್ತಲು ಒಂದು ಕಾರಣವಿದೆ. ನಾಮಕರಣ, ಪ್ರಥಮ ಪರಮಪ್ರಸಾದ, ನಿಶ್ಚಿತಾರ್ಥ, ಮನೆ ಆಶೀರ್ವಾದ ಎಲ್ಲಕ್ಕೂ ಇಂದು ಮದುವೆಯಷ್ಟೇ ದೊಡ್ಡ ಊಟ ಬೇಕೆಂಬ ಹಟ ಬೆಳೆದಿದೆ. ಇದ್ದವರು ಮಾಡುತ್ತಾರೆ, ಇಲ್ಲದವರು ಸಾಲ ಮಾಡಿ ಮಾಡುತ್ತಾರೆ. ಹಬ್ಬದ ಮರುದಿನ ಎಲೆಯ ಮೇಲೆ ಉಳಿದ ಮಾಂಸವನ್ನು ಗುಂಡಿಗೆ ಸುರಿಯುವುದನ್ನೂ, ಅದೇ ಮನೆಯವರು ಬಡ್ಡಿ ಕಟ್ಟಲು ವರ್ಷವಿಡೀ ಬೆವರುವುದನ್ನೂ ನಾವು ಕಾಣುತ್ತಿದ್ದೇವೆ. ಗೇಣಿ ಕಟ್ಟಲು ಹಂದಿಯನ್ನು ಮಾರಿದ ಐರಿಷ್ ಬಡವನಿಗೂ, ಹಂದಿಮಾಂಸದ ಔತಣಕ್ಕಾಗಿ ಬಡ್ಡಿ ಕಟ್ಟುವ ನಮ್ಮ ಬಾಂಧವನಿಗೂ ಹೆಚ್ಚಿನ ಅಂತರವಿಲ್ಲ. ಒಂದೇ ವ್ಯತ್ಯಾಸವೆಂದರೆ, ಅವನ ಕೊರಳಿಗೆ ಹಗ್ಗ ಹಾಕಿದವನು ಭೂಮಾಲಿಕ. ನಮ್ಮ ಕೊರಳಿಗೆ ಹಾಕಿದುದು ನೆರೆಯವರ ಮಾತಿನ ಭಯ.

ಮತ್ತೊಂದು ಮಾತು. ಹಂದಿಮಾಂಸವನ್ನು ಮುಟ್ಟದ ನೆರೆಹೊರೆಯವರು ನಮಗಿದ್ದಾರೆ. ಅವರೆದುರು ನಮ್ಮ ಊಟದ ಕುರಿತು ನಾಚಿಕೊಳ್ಳುವುದೂ ಬೇಡ, ಜಂಬ ಕೊಚ್ಚುವುದೂ ಬೇಡ. ಆಹಾರದ ಕಾರಣದಿಂದ ಸಹೋದರನ ಮನಸ್ಸನ್ನು ನೋಯಿಸಬಾರದೆಂದು ಸಂತ ಪೌಲರು ರೋಮನರಿಗೆ ಬರೆದ ಪತ್ರದ 14ನೆಯ ಅಧ್ಯಾಯದಲ್ಲಿ ಬೋಧಿಸಿರುವರು. ಅನ್ಯಧರ್ಮೀಯ ಅತಿಥಿ ಬಂದ ದಿನ ಮೊಂತಿ ಹಬ್ಬದ ತರಕಾರಿಯ ಊಟವನ್ನು ಬಡಿಸಿದರೆ ನಮ್ಮ ವಿಶ್ವಾಸಕ್ಕೆ ಯಾವ ಕೊರತೆಯೂ ಬಾರದು.

ಆದುದರಿಂದ ಪ್ರಿಯ ಬಾಂಧವರಲ್ಲಿ ನನ್ನ ವಿನಂತಿಯಿದು. ಈ ಶತಮಾನೋತ್ಸವದ ಹೆಸರಿನಲ್ಲಿ ನಮ್ಮ ಧರ್ಮಕೇಂದ್ರದ ಯಾವ ಮನೆಯೂ ಸಾಲಗಾರನ ಬಾಗಿಲು ತಟ್ಟದಿರಲಿ. ಅನುಕೂಲವಿದ್ದವರು ತಮ್ಮ ಮಡಕೆಯನ್ನು ಸ್ವಲ್ಪ ದೊಡ್ಡದು ಮಾಡಿ, ವಾರ್ಡಿನಲ್ಲಿ ಒಂಟಿಯಾಗಿರುವ ವೃದ್ಧರಿಗೂ ವಿಧವೆಯರಿಗೂ ಒಂದು ಪಾಲನ್ನು ಕಳುಹಿಸಲಿ. ಆಂಡಿಸ್ ಬೆಟ್ಟದ ರೈತ, ಸೆವಿಲ್‌ನ ಆಸ್ಪತ್ರೆಯ ಅಡಿಗೆಯವನು, ಡಬ್ಲಿನ್ನಿನ ಗೃಹಿಣಿ, ನೀಲಗಿರಿಯ ಬಡಗ, ಹಾಸನದ ಒಕ್ಕಲಿಗ ಇವರೆಲ್ಲರ ದುಡಿಮೆಯಿಂದ ತುಂಬಿದ ಮಡಕೆಯಿದು. ಹಬ್ಬದ ಆದಿತ್ಯವಾರ ನಿಮ್ಮ ಮನೆಯಲ್ಲಿ ಅರ್ಧ ಕಿಲೋ ಮಾಂಸಕ್ಕೆ ಒಂದು ಕಿಲೋ ಬಟಾಟೆ ಬೆಂದರೆ, ಗುರುಮನೆಯಿಂದ ನಾನೂ ಸಂತೋಷದಿಂದ ಬಂದು ನಿಮ್ಮೊಡನೆ ಕುಳಿತು ಉಣ್ಣುವೆನು.